ಗುತ್ತಿಗೆದಾರರಿಗೆ ಒಬ್ಬರ ದರ ಇನ್ನೊಬ್ಬರಿಗೆ ಕಾಣಬಾರದು: ತಡೆ ಆ್ಯಪ್‌ನಲ್ಲೋ, ಡೇಟಾಬೇಸ್‌ನಲ್ಲೋ?

ಪ್ರಶ್ನೆ (ರಾಜಾಜಿನಗರ)

ಮನೆ ಕಟ್ಟಿಸುವವರು, ಎಂಜಿನಿಯರ್, ಗುತ್ತಿಗೆದಾರರು ಒಟ್ಟಿಗೆ ಬಳಸುವ ತಂತ್ರಾಂಶ ನಮ್ಮದು. ಕನಕಪುರ ರಸ್ತೆಯ ಒಂದೇ ಸೈಟಿನ ಕೆಲಸಕ್ಕೆ ವೈರಿಂಗ್‌ನವರು, ಪ್ಲಂಬಿಂಗ್‌ನವರು, ಗಾರೆಯವರು ಎಲ್ಲರೂ ಲಾಗಿನ್ ಆಗುತ್ತಾರೆ. ಈಗ ಡೇಟಾಬೇಸ್‌ಗೆ ಕಳಿಸುವ ಪ್ರತಿ ಕ್ವೆರಿಯಲ್ಲೂ (ಮಾಹಿತಿ ಕೇಳುವ ಆದೇಶ) ‘ಇವರ ದಾಖಲೆ ಮಾತ್ರ’ ಎಂಬ ಷರತ್ತನ್ನು ಕೈಯಾರೆ ಬರೆಯುತ್ತಿದ್ದೇವೆ. ವರದಿಗಳು ಹೆಚ್ಚಿದಂತೆ ಭಯವೂ ಹೆಚ್ಚುತ್ತಿದೆ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್, 14ನೇ ಆವೃತ್ತಿ. ತಡೆಯನ್ನು ಡೇಟಾಬೇಸ್‌ಗೇ ಒಪ್ಪಿಸಬಹುದೇ?

ಉತ್ತರ (ಮಲ್ಲೇಶ್ವರ)

ಖಂಡಿತ ಒಪ್ಪಿಸಿ. ಆ್ಯಪ್‌ನಲ್ಲಿ ಒಂದು ಷರತ್ತು ಬಿಟ್ಟುಹೋದರೆ ಎಲ್ಲರ ದರವೂ ಕಾಣುತ್ತದೆ. ಎದುರಾಳಿಯ ದರ ಕಂಡವರು ನಿಮಗೆ ಫೋನ್ ಮಾಡಿ ಹೇಳುವುದಿಲ್ಲ. ಪೋಸ್ಟ್‌ಗ್ರೆಸ್‌ನ ರೋ ಲೆವೆಲ್ ಸೆಕ್ಯುರಿಟಿಯಲ್ಲಿ (ಯಾರಿಗೆ ಯಾವ ಸಾಲು ಕಾಣಬೇಕೆಂದು ಡೇಟಾಬೇಸೇ ನೋಡಿಕೊಳ್ಳುವ ಸೌಲಭ್ಯ) ಇದು ತಿರುವುಮುರುವು: ಟೇಬಲ್‌ಗೆ ಅದನ್ನು ಹಾಕಿ ಪಾಲಿಸಿ, ಅಂದರೆ ಯಾರಿಗೆ ಏನು ಕಾಣಬೇಕೆಂಬ ನಿಯಮ, ಬರೆಯಲು ಮರೆತರೆ ಒಂದು ಸಾಲೂ ಬರುವುದಿಲ್ಲ. ಖಾಲಿ ಪುಟ ಕಂಡವರು ಹತ್ತು ನಿಮಿಷದೊಳಗೆ ಕರೆ ಮಾಡುತ್ತಾರೆ. ಬೇರೆಯವರ ವ್ಯವಹಾರದ ಗುಟ್ಟು ಕಾಯುವ ತಂತ್ರಾಂಶ ತಪ್ಪಿದರೂ ಹೀಗೆಯೇ ತಪ್ಪಬೇಕು.

2016ರ 9.5 ಆವೃತ್ತಿಯಿಂದಲೇ ಈ ಸೌಲಭ್ಯವಿದೆ. ಆದರೆ ಟೇಬಲ್‌ನ ಒಡೆತನವಿರುವ ರೋಲ್‌ಗೆ (ಡೇಟಾಬೇಸ್ ಖಾತೆ) ಪಾಲಿಸಿ ತಾನಾಗಿ ಅನ್ವಯಿಸುವುದಿಲ್ಲ. ಅನೇಕ ಕಡೆ ಆ್ಯಪ್ ಅದೇ ರೋಲ್‌ನಲ್ಲಿ ಸಂಪರ್ಕಿಸುತ್ತದೆ. ಪಾಲಿಸಿ ಇದ್ದೂ ಇಲ್ಲದಂತಾಗುತ್ತದೆ. ಆ್ಯಪ್‌ಗೆ ಬೇರೆ ರೋಲ್ ಕೊಡಿ, ಜೊತೆಗೆ ಒಡೆಯನಿಗೂ ಪಾಲಿಸಿ ಅನ್ವಯಿಸುವ ‘ಫೋರ್ಸ್’ ಆಯ್ಕೆಯನ್ನೂ ಹಾಕಿ. ಎಲ್ಲ ಹಕ್ಕೂ ಇರುವ ಸೂಪರ್‌ಯೂಸರ್‌ಗೆ ಅದೂ ಅಡ್ಡಿಯಲ್ಲ.

ವ್ಯೂಗಳನ್ನೂ (ಹೆಸರಿಟ್ಟು ಉಳಿಸಿದ ಕ್ವೆರಿಗಳು) ನೋಡಿಕೊಳ್ಳಿ. ಅವು ಸಾಮಾನ್ಯವಾಗಿ ತಮ್ಮ ಒಡೆಯನ ಹಕ್ಕಿನಲ್ಲಿ ನಡೆಯುತ್ತವೆ, ಹಾಗಾಗಿ ಪಾಲಿಸಿ ತಪ್ಪಿಹೋಗಬಹುದು. ಕೇಳಿದವರ ಹಕ್ಕಿನಲ್ಲೇ ನಡೆಸುವ ‘ಸೆಕ್ಯುರಿಟಿ ಇನ್ವೋಕರ್’ ಆಯ್ಕೆ ಬಂದದ್ದು 15ನೇ ಆವೃತ್ತಿಯಲ್ಲಿ. ವರದಿಗಳು ವ್ಯೂ ಮೇಲೆ ನಿಂತಿದ್ದರೆ ಮೊದಲು ಆವೃತ್ತಿ ಏರಿಸಿ.

ಉತ್ತರ (ವೈಟ್‌ಫೀಲ್ಡ್)

ಆ್ಯಪ್ ಮತ್ತು ಡೇಟಾಬೇಸ್ ನಡುವೆ ಸಂಪರ್ಕಗಳನ್ನು ಹಂಚುವ ಪಿಜಿಬೌನ್ಸರ್ ಇದೆಯೇ? ಪ್ರತಿ ಟ್ರಾನ್ಸಾಕ್ಷನ್ (ಒಟ್ಟಾಗಿ ನಡೆಯುವ ಆದೇಶಗಳ ಗುಂಪು) ಮುಗಿದ ಮೇಲೆ ಸಂಪರ್ಕ ಬೇರೆಯವರಿಗೆ ಹೋಗುವ ಟ್ರಾನ್ಸಾಕ್ಷನ್ ಪೂಲಿಂಗ್‌ನಲ್ಲಿ ಬಳಕೆದಾರರ ಗುರುತನ್ನು ಬರೀ ‘ಸೆಟ್’ನಿಂದ ಇಟ್ಟರೆ ಅದು ಅದೇ ಸಂಪರ್ಕದಲ್ಲಿ ಉಳಿದು ಮುಂದೆ ಬಂದವರಿಗೆ ಅಂಟಿಕೊಳ್ಳಬಹುದು. ಟ್ರಾನ್ಸಾಕ್ಷನ್ ಒಳಗೆ, ಅದರ ಜೊತೆಗೇ ಅಳಿಯುವ ‘ಸೆಟ್ ಲೋಕಲ್’ ಬಳಸಿ. ಬಿಲ್ ಸಂಖ್ಯೆ ಇಡೀ ಟೇಬಲ್‌ಗೆ ಯುನೀಕ್ (ಒಂದು ಸಂಖ್ಯೆ ಒಮ್ಮೆ ಮಾತ್ರ) ಆಗಿದ್ದರೆ ಅದನ್ನೂ ಬದಲಿಸಿ, ಗುತ್ತಿಗೆದಾರರಿಗೆ ತಕ್ಕಂತೆ ಯುನೀಕ್ ಮಾಡಿ. ಯುನೀಕ್ ಹೌದೇ ಎಂಬ ಪರಿಶೀಲನೆಗೆ ಪಾಲಿಸಿ ಅನ್ವಯಿಸುವುದಿಲ್ಲ. ‘ಈ ಸಂಖ್ಯೆ ಈಗಾಗಲೇ ಇದೆ’ ಎಂಬ ದೋಷ ಸಂದೇಶವೇ ಬೇರೆಯವರ ಬಿಲ್ ಇರುವುದನ್ನು ಬಯಲು ಮಾಡುತ್ತದೆ.

ಪ್ರಶ್ನೆ ಕೇಳಿದವರು

ನಮ್ಮ ಆ್ಯಪ್ ಒಡೆಯನ ರೋಲ್‌ನಲ್ಲೇ ಓಡುತ್ತಿದೆ, ಈ ವಾರವೇ ಬದಲಿಸುತ್ತೇವೆ. ಇನ್ನೊಂದು ಸಂದೇಹ: ಮನೆ ಮಾಲೀಕರಿಗೆ ಕೆಲಸದ ಪ್ರಗತಿ ಕಾಣಬೇಕು, ಅದೇ ಸಾಲಿನಲ್ಲಿರುವ ಉಪಗುತ್ತಿಗೆಯ ದರ ಕಾಣಬಾರದು.

ಉತ್ತರ (ಮಲ್ಲೇಶ್ವರ)

ಪಾಲಿಸಿ ಸಾಲನ್ನು ಮುಚ್ಚುತ್ತದೆ, ಕಾಲಮ್ ಅನ್ನು ಮುಚ್ಚುವುದಿಲ್ಲ. ಕಾಲಮ್‌ವಾರು ಗ್ರಾಂಟ್ (ಅನುಮತಿ) ಇದೆಯಾದರೂ ಅದು ಡೇಟಾಬೇಸ್ ರೋಲ್‌ಗೆ ಸಂಬಂಧಿಸಿದ್ದು. ನಿಮ್ಮ ಬಳಕೆದಾರರೆಲ್ಲರೂ ಒಂದೇ ರೋಲ್‌ನಲ್ಲಿ ಬರುವುದರಿಂದ ಉಪಯೋಗಕ್ಕೆ ಬಾರದು. ದರವನ್ನು ಪ್ರತ್ಯೇಕ ಟೇಬಲ್‌ಗೆ ಸಾಗಿಸಿ, ಅದಕ್ಕೆ ಅದರದೇ ಪಾಲಿಸಿ ಬರೆಯಿರಿ.