ಮೂರು ದಿನದ ಮೇಳಕ್ಕೆ ಅರವತ್ತು ಸಾವಿರ: ನಮ್ಮಂತಹ ಸಣ್ಣ ಘಟಕಕ್ಕೆ ಮಳಿಗೆ ಹಾಕುವುದು ಸರಿಯೇ?

ಪ್ರಶ್ನೆ: ಧಾರವಾಡದಿಂದ
ಎಲ್ಲರಿಗೂ ನಮಸ್ಕಾರ. ನಾವು ಐದು ಮಂದಿ ಹೆಣ್ಣುಮಕ್ಕಳು ಸೇರಿ ನಾಲ್ಕು ವರ್ಷಗಳಿಂದ ನವಣೆ ಮತ್ತು ಸಾಮೆಯ ದೋಸೆ ಹಿಟ್ಟು ಹಾಗೂ ಸಜ್ಜೆ ಹಿಟ್ಟನ್ನು ತಯಾರಿಸಿ, ಹುಬ್ಬಳ್ಳಿ-ಧಾರವಾಡದ ಹನ್ನೆರಡು ಅಂಗಡಿಗಳಿಗೆ ಕೊಡುತ್ತಿದ್ದೇವೆ. ಬೆಂಗಳೂರಿನಲ್ಲಿ ನಡೆಯುವ ಒಂದು ಆಹಾರ ಮೇಳದಲ್ಲಿ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಮಳಿಗೆ ಪಡೆಯಲು ಕರೆ ಬಂದಿದೆ. ಬಾಡಿಗೆ, ಜಿಎಸ್‌ಟಿ, ಸಾಗಣೆ, ವಸತಿ ಎಲ್ಲ ಸೇರಿ 60,000 ರೂಪಾಯಿ ಆಗುತ್ತದೆ. ಅರ್ಧ ಕಿಲೋ ಪೊಟ್ಟಣಕ್ಕೆ ನಮಗೆ ಉಳಿಯುವುದು ಸುಮಾರು 30 ರೂಪಾಯಿ. ಇಷ್ಟು ಹಣವನ್ನು ಮೇಳಕ್ಕೆ ಹಾಕುವುದು ವಿವೇಕವೇ, ಅಥವಾ ಅದೇ ಹಣದಲ್ಲಿ ಇನ್ನಷ್ಟು ಅಂಗಡಿಗಳನ್ನು ಹಿಡಿಯುವುದು ಲೇಸೇ, ದಯವಿಟ್ಟು ಅನುಭವವುಳ್ಳವರು ತಿಳಿಸಿ.

ಉತ್ತರ 1: ಗಾಣದ ಎಣ್ಣೆ ತಯಾರಕ, ತುಮಕೂರು
ನಮಸ್ಕಾರ ಮೇಡಂ. ಮೊದಲು ನಿಮ್ಮದೇ ಲೆಕ್ಕವನ್ನು ನೋಡೋಣ. ಬರೀ ಮಾರಾಟದಿಂದ ಖರ್ಚು ಹುಟ್ಟಬೇಕಾದರೆ 2,000 ಪೊಟ್ಟಣ ಮಾರಬೇಕು, ಅಂದರೆ ದಿನಕ್ಕೆ ಏಳುನೂರರ ಹತ್ತಿರ. ಇಬ್ಬರು ನಿಂತು ಅಷ್ಟನ್ನು ಮಾರುವುದು ಕಷ್ಟ. ಆದ್ದರಿಂದ ಮೇಳವನ್ನು ಅಂಗಡಿ ಎಂದುಕೊಂಡು ಹೋದರೆ ನಷ್ಟವೇ ಸರಿ. ವಿತರಕರನ್ನು ಮತ್ತು ಸಗಟು ಖರೀದಿದಾರರನ್ನು ಕಾಣಲು ಕೊಡುವ ಹಣ ಎಂದುಕೊಂಡರೆ ಮಾತ್ರ ಯೋಚಿಸಬಹುದು.

ನನ್ನ ಮೊದಲ ಮೇಳದಲ್ಲಿ ಆದದ್ದನ್ನು ಹೇಳುತ್ತೇನೆ. ನಮ್ಮ ಕಡಲೆಕಾಯಿ ಎಣ್ಣೆಯಲ್ಲೇ ದೋಸೆ ಹುಯ್ದು ರುಚಿ ತೋರಿಸೋಣವೆಂದು ವಿದ್ಯುತ್ ಒಲೆ ಒಯ್ದಿದ್ದೆವು. ಮಳಿಗೆಗೆ ಕೊಟ್ಟಿದ್ದ ವಿದ್ಯುತ್ ಎರಡು ದೀಪ ಮತ್ತು ಒಂದು ಫ್ಯಾನಿಗಷ್ಟೇ ಸಾಕಾಗುವಂತಿದ್ದುದರಿಂದ ಒಲೆ ಹಚ್ಚಿದಾಗಲೆಲ್ಲ ಸಾಲಿನ ದೀಪಗಳೇ ಆರಿಹೋಗುತ್ತಿದ್ದವು. ಎರಡನೆಯ ದಿನ ಹೆಚ್ಚುವರಿ ಹಣ ಕಟ್ಟಿ ಸಂಪರ್ಕ ಪಡೆದ ಮೇಲೆ ಘಮಕ್ಕೆ ಜನ ಮುತ್ತಿಕೊಂಡರು. ಆದರೆ ನನ್ನ ಎರಡೂ ಕೈ ಕಾವಲಿಯ ಮೇಲಿದ್ದವು. ಅಷ್ಟು ಹೊತ್ತು ಒಂದು ಬದಿಯಲ್ಲಿ ಸೀಸೆಯ ಮೇಲಿನ ಚೀಟಿಯನ್ನು ಓದುತ್ತಾ ನಿಂತಿದ್ದ ಒಬ್ಬರು, ಅವರಿಗೆ ನಾಲ್ಕು ಸಾವಯವ ಅಂಗಡಿಗಳಿದ್ದವೆಂದು ಪಕ್ಕದ ಮಳಿಗೆಯವರಿಂದ ನನಗೆ ಆಮೇಲೆ ತಿಳಿಯಿತು, ಯಾರೂ ಮಾತಾಡಿಸದ ಕಾರಣ ಹೊರಟುಹೋದರು. ಇಂದಿಗೂ ಅದು ನನ್ನನ್ನು ಕಾಡುತ್ತದೆ. ನೀವು ಹೋಗುವುದಾದರೆ ಮೂವರು ಹೋಗಿ. ಒಬ್ಬರು ಮಾತಾಡುವುದಕ್ಕೆಂದೇ ಇರಲಿ.

ಉತ್ತರ 2: ಅಂಗಡಿ ಮಾಲೀಕ, ಮೈಸೂರು
ನಾನು ಮೇಳಗಳಿಗೆ ಕೊಳ್ಳುವವನಾಗಿ ಹೋಗುವವನು, ಆದ್ದರಿಂದ ಆ ಕಡೆಯ ಮಾತನ್ನು ಹೇಳುವುದು ನನ್ನ ಕರ್ತವ್ಯ. ಮಳಿಗೆಯಲ್ಲೇ ನಾನು ಎಂದೂ ಆರ್ಡರ್ ಕೊಟ್ಟವನಲ್ಲ. ಪೊಟ್ಟಣವನ್ನು ತಿರುಗಿಸಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಹದಿನಾಲ್ಕು ಅಂಕಿಯ ಸಂಖ್ಯೆ, ತಯಾರಿಕೆಯ ದಿನಾಂಕ, ಬ್ಯಾಚ್ ಸಂಖ್ಯೆ ಇವೆಯೇ ಎಂದು ನೋಡುತ್ತೇನೆ. ಬಳಿಕ ತಿಂಗಳಿಗೆ ಇಷ್ಟು ಕಿಲೋ ತಪ್ಪದೆ ಕೊಡಬಲ್ಲಿರಾ, ಮಾರಾಟವಾಗದ್ದನ್ನು ಹಿಂದೆ ಪಡೆಯುವಿರಾ ಎಂದು ಕೇಳುತ್ತೇನೆ. ವಿಳಾಸ ಕೊಟ್ಟು ಬಂದ ಮೇಲೆ ಒಂದೆರಡು ವಾರದೊಳಗೆ ದರಪಟ್ಟಿ ಮತ್ತು ಮಾದರಿ ಕಳಿಸುವವರು ತೀರ ಕಡಿಮೆ, ಕಳಿಸಿದವರೊಡನೆ ನನ್ನ ವ್ಯವಹಾರ ವರ್ಷಗಟ್ಟಲೆ ನಡೆದಿದೆ.

ಸಜ್ಜೆ ಹಿಟ್ಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ಸಜ್ಜೆಯಲ್ಲಿ ಕೊಬ್ಬಿನ ಅಂಶ ಹೆಚ್ಚಿರುವುದರಿಂದ ಬೀಸಿದ ಕೆಲವೇ ದಿನಗಳಲ್ಲಿ ಹಿಟ್ಟು ಕಮಟು ಹಿಡಿದು ಕಹಿಯಾಗುತ್ತದೆ. ಧಾರವಾಡದ ಅಂಗಡಿಗೆ ವಾರಕ್ಕೊಮ್ಮೆ ಹೊಸ ಹಿಟ್ಟು ಕೊಡುವುದು ಬೇರೆ, ಮೈಸೂರಿಗೆ ಕಳಿಸಿ ಕಪಾಟಿನಲ್ಲಿ ತಿಂಗಳಿರಿಸುವುದು ಬೇರೆ. ಹೊರ ಊರಿನ ವಿತರಕರೊಡನೆ ಮಾತಾಡುವಾಗ ನವಣೆ, ಸಾಮೆಯನ್ನು ಮುಂದಿಡಿ, ಸಜ್ಜೆಯನ್ನು ಊರಿಗೇ ಉಳಿಸಿಕೊಳ್ಳಿ.

ಉತ್ತರ 3: ಸ್ವಸಹಾಯ ಸಂಘಗಳೊಡನೆ ಕೆಲಸ ಮಾಡುವವಳು, ಗದಗ
ಮೇಲಿನ ಇಬ್ಬರೂ ಹೇಳಿದ್ದು ನಿಜ, ಆದರೂ ನನ್ನ ಅಭಿಪ್ರಾಯದಲ್ಲಿ ಈ ವರ್ಷ ನೀವು 60,000 ರೂಪಾಯಿಯ ಸಾಹಸಕ್ಕೆ ಕೈಹಾಕಬಾರದು. ನಿಮ್ಮ ಊರಿನ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ಅಲ್ಲಿ ಬೇರೊಂದು ಸಂಘದೊಡನೆ ಮಳಿಗೆ ಹಂಚಿಕೊಂಡರೆ ವಸತಿಯ ಖರ್ಚೇ ಇಲ್ಲ, ದಿನಕ್ಕೆ ಎಷ್ಟು ಮಂದಿಯೊಡನೆ ಮಾತಾಡಬಲ್ಲಿರಿ ಎಂಬುದೂ ತಿಳಿಯುತ್ತದೆ. ರಾಜ್ಯದ ಕೃಷಿ ಇಲಾಖೆ ಬೆಂಗಳೂರಿನ ಅರಮನೆ ಮೈದಾನದಲ್ಲಿ 2023, 2024 ಮತ್ತು 2025ರ ಜನವರಿಯಲ್ಲಿ ನಡೆಸಿದ ಸಾವಯವ ಮತ್ತು ಸಿರಿಧಾನ್ಯ ವಾಣಿಜ್ಯ ಮೇಳದಲ್ಲಿ ಉತ್ಪಾದಕರು ಮತ್ತು ಖರೀದಿದಾರರು ಎದುರುಬದುರು ಕುಳಿತು ಮಾತಾಡುವ ಏರ್ಪಾಡಿತ್ತು. ಅಂತಹ ಮೇಳಕ್ಕೆ ಮೊದಲ ಸಲ ಮಳಿಗೆಯಿಲ್ಲದೆ, ನೋಡುವವರಾಗಿ ಇಬ್ಬರು ಹೋಗಿ ಬನ್ನಿ.

ಸಣ್ಣ ಉದ್ಯಮಗಳಿಗಾಗಿ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿಲ್ಲದಿದ್ದರೆ ಇಂದೇ ಮಾಡಿಸಿ, ಅದು ಉಚಿತ. ಕೇಂದ್ರದ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಸಚಿವಾಲಯವು ಮೇಳಗಳ ಮಳಿಗೆ ಬಾಡಿಗೆಯ ಒಂದು ಭಾಗವನ್ನು ಭರಿಸುತ್ತದೆ, ಮಹಿಳಾ ಉದ್ಯಮಿಗಳಿಗೆ ಪಾಲು ಹೆಚ್ಚು. ಆದರೆ ಅದು ಮರುಪಾವತಿ: ಮೊದಲು ನಿಮ್ಮ ಕೈಯಿಂದ ಕಟ್ಟಿ, ರಸೀದಿ ಒಪ್ಪಿಸಿ, ಕಾಯಬೇಕು. ಬರುವ ಹಣವನ್ನು ನಂಬಿ ಸಾಲ ಮಾಡಬೇಡಿ.

ಪ್ರಶ್ನೆ ಕೇಳಿದವರು
ಮೂವರಿಗೂ ಧನ್ಯವಾದಗಳು. ನಮ್ಮ ಗಿರಣಿಯಲ್ಲಿ ದಿನಕ್ಕೆ 120 ಪೊಟ್ಟಣ ಆಗುತ್ತದೆ. 2,000 ಎಂದರೆ ಹದಿನೇಳು ದಿನದ ದುಡಿಮೆ, ಅಷ್ಟು ದಿನ ನಮ್ಮ ಅಂಗಡಿಗಳಿಗೆ ಕೈ ಎತ್ತಬೇಕಾಗುತ್ತದೆ. ಬೆಂಗಳೂರಿನವರಿಗೆ ಈ ಬಾರಿ ಬರುವುದಿಲ್ಲವೆಂದು ತಿಳಿಸಿದ್ದೇವೆ. ಕೃಷಿ ಮೇಳದ ಮಳಿಗೆಯನ್ನು ಹಂಚಿಕೊಳ್ಳಲು ರೊಟ್ಟಿ ಮಾಡುವ ಸಂಘವೊಂದನ್ನು ಕೇಳಿದ್ದೇವೆ, ಅವರು ಒಪ್ಪಿದ್ದಾರೆ. ಮೈಸೂರಿನವರೇ, ನವಣೆ ಹಿಟ್ಟಿನ ಮಾದರಿಯನ್ನು ಕಳಿಸಲು ವಿಳಾಸವನ್ನು ಖಾಸಗಿಯಾಗಿ ತಿಳಿಸುವಿರಾ?