‘ಸಿಂಕ್ ಸ್ಪೀಡ್’ಗೆ ಕನ್ನಡದಾಗ ಏನಂತೀರಿ? ‘ವೇಗ’ ಅನ್ನೋದು ಯಾಕೋ ಸರಿ ಕಾಣವಲ್ದು

ನಮಸ್ಕಾರ್ರಿ ಎಲ್ಲಾರಿಗೂ. ಬಾಗಲಕೋಟೆಯಾಗ ನಾವು ನಾಕೈದು ಮಂದಿ ಸೇರಿ ಮದುವಿ ಫೋಟೋ ತಗಿಯೋ ಹುಡುಗರಿಗೆ ಅಂತ ಒಂದು ಸಣ್ಣ ಕೈಪಿಡಿ ಬರಿಯಾಕ ಕುಂತೀವಿ. ಲೆನ್ಸ್, ಅಪರ್ಚರ್, ಐಎಸ್ಓ ಇವನ್ನೆಲ್ಲಾ ಹಂಗ ಬಿಟ್ಟೀವಿ, ಅವಕ್ಕ ಕನ್ನಡ ಹುಡುಕಿ ಹುಡುಗರ ತಲಿ ಕೆಡಸೋದು ಬ್ಯಾಡಂತ. ಆದ್ರ ‘ಫ್ಲ್ಯಾಶ್ ಸಿಂಕ್ ಸ್ಪೀಡ್’ (ಅಂದ್ರ ಫ್ಲ್ಯಾಶ್ ಬೆಳಕು ಪೂರಾ ಚಿತ್ರಕ್ಕ ಬೀಳಬೇಕಂದ್ರ ಇಡಬಹುದಾದ ಎಲ್ಲಾಕಿಂತ ಜೋರಿನ ಶಟರ್ ಸ್ಪೀಡ್) ಅನ್ನೋದಕ್ಕ ಬಂದು ಗಾಡಿ ನಿಂತುಬಿಟ್ಟೈತಿ.

ಮೊದಲನೇ ತಕರಾರು ಲಿಪಿದು. ‘ಸಿಂಕ್’ ಅಂತ ಬರದ್ರ ಭಾಂಡೆ ತೊಳಿಯೋ ಸಿಂಕೂ ಅದ, ಫ್ಲ್ಯಾಶಿನ ಸಿಂಕೂ ಅದ, ನಗೆಪಾಟಲು. ಇದನ್ನ ಹೆಂಗರ ಸಹಿಸಬಹುದು. ನಂದು ಖರೇ ಜಗಳ ‘ಸ್ಪೀಡ್’ ಜೋಡಿ. ಗೆಳೆಯ ಕರಡಿನಾಗ ‘ಸಮಕಾಲಿಕ ವೇಗ’ ಅಂತ ಬರದಾನ. ಓದಿದ ಹುಡುಗ ಕೇಳಿದ, ಏನ್ ಓಡತೈತಿ ಸರ್ ಅಷ್ಟು ವೇಗದಾಗ? ಅಂವಂದು ತಪ್ಪಿಲ್ಲ.

ಯಾಕಂದ್ರ ಕ್ಯಾಮೆರಾದಾಗ ಚಿತ್ರ ಹಿಡಿಯೋ ಸೆನ್ಸರ್ ಮುಂದ ಎರಡು ಪರದೆ ಇರ್ತಾವು, ಅದಕ್ಕ ಶಟರ್ ಅಂತಾರ, ಒಂದು ಸರದು ಬೆಳಕು ಬಿಡತೈತಿ, ಇನ್ನೊಂದು ಅದರ ಬೆನ್ನ ಹಿಂದ ಬಂದು ಮುಚ್ಚತೈತಿ. ನೀವು ಶಟರ್ ಸ್ಪೀಡ್ 1/60 ಸೆಕೆಂಡ್ ಇಡ್ರಿ, 1/4000 ಇಡ್ರಿ, ಆ ಪರದೆಗಳು ಓಡೋ ವೇಗ ಅಷ್ಟ, ಬದಲಾಗೋದು ಎರಡರ ನಡುವಿನ ಅಂತರ ಮಾತ್ರ. ಅಂದಮ್ಯಾಲೆ ಶಟರ್ ಸ್ಪೀಡ್ ಅಂದ್ರ ವೇಗ ಅಲ್ಲ, ಹೊತ್ತು, ಬೆಳಕು ಬೀಳೋ ಹೊತ್ತು. ಅದರ ಮ್ಯಾಲೆ ಕ್ಯಾಮೆರಾದಾಗ 1/200 ಅನ್ನೋದು ಬರೇ 200 ಅಂತ ಕಾಣತೈತಿ, ಅಂಕಿ ಏರಿದಂಗ ಹೊತ್ತು ಇಳಿತೈತಿ, ಹಿಂಗಾಗಿ ‘200ರ ಮ್ಯಾಲೆ ಹೋಗಬ್ಯಾಡ’ ಅಂದ್ರ ಕೆಲವ್ರು 160ಕ್ಕ ಹೋಗೋದನ್ನೂ ಬಿಟ್ಟು ಕುಂದರತಾರ.

ಸಿಂಕ್ ಸ್ಪೀಡ್ ಅಂತ ಕೊಡೋ ಈ 1/200 ಅಥವಾ 1/250 ಅನ್ನೋದು ಏನಂದ್ರ, ಮೊದಲನೇ ಪರದೆ ಪೂರಾ ಸರದು ಎರಡನೇದು ಇನ್ನೂ ಹೊಂಟಿಲ್ಲ ಅನ್ನೋ ಗಳಿಗಿ ಸಿಗೋ ಕೊನೇ ಗಡಿ. ಫ್ಲ್ಯಾಶ್ ಬೆಳಗೋದು ಸೆಕೆಂಡಿನ ಸಾವಿರ ಪಾಲಿನಾಗ ಒಂದು ಪಾಲೋ ಅದಕ್ಕೂ ಕಡಿಮೆಯೋ, ಅಷ್ಟರಾಗ ಸೆನ್ಸರ್ ಪೂರಾ ಬಯಲಾಗಿರಬೇಕು. ಗಡಿ ದಾಟಿದ್ರ ಎರಡನೇ ಪರದೆ ಆಗಲೇ ಅರ್ಧಾ ದಾರಿಗೆ ಬಂದಿರತೈತಿ, ಬರೇ ಒಂದು ಸೀಳು ಓಡತಿರತೈತಿ, ಫ್ಲ್ಯಾಶ್ ಆ ಸೀಳಿಗೆ ಮಾತ್ರ ಬೀಳತೈತಿ.

ನಂದ ಕಥಿ ಹೇಳತೀನಿ. ಜಮಖಂಡಿ ಕಡೆ ಒಂದು ಮದುವಿ, ಕತ್ತಲಿ ಹಾಲ್, ಫ್ಲ್ಯಾಶ್ ದೂರ ಸ್ಟ್ಯಾಂಡಿಗೆ ಹಚ್ಚಿ ದೂರದಿಂದ ಅದನ್ನ ಬೆಳಗಿಸೋ ಸೋವಿ ಟ್ರಿಗರ್ ಹಾಕಿದ್ದೆ. ಕ್ಯಾಮೆರಾ ತಲಿಮ್ಯಾಲೆ ಅದರದ ಫ್ಲ್ಯಾಶ್ ಇದ್ರ ಅದು ತಾನ ಗಡಿಯಾಗ ನಿಲ್ಲಸತೈತಿ, ಈ ಟ್ರಿಗರಿಗೆ ಆ ಬುದ್ಧಿ ಇಲ್ಲ. ಹೊರಗ ಮೆರವಣಿಗಿಗೆ ಇಟ್ಟಿದ್ದ 1/500 ಹಂಗ ಉಳದಿತ್ತು. ಅಕ್ಷತಿ ಬಿದ್ದಾಗ ಪಟಪಟ ಹೊಡದೆ. ನೋಡಿದ್ರ ಮದುಮಕ್ಕಳ ಮಾರಿ ಝಗಮಗ, ಕೆಳಗ ಇಳಕಲ್ ಸೀರಿ ಅಂಚು ಇರೋ ಕಡೆ ಮಸಿ ಬಳದಂಗ ಕರಿ ಪಟ್ಟಿ. ನಾ ಶಾಣ್ಯಾ, ಫ್ಲ್ಯಾಶ್ ಸೆಲ್ ಹೋಗ್ಯಾವಂತ ಸೆಲ್ ಬದಲಿಸಿ ಮತ್ತ ಅಷ್ಟ ಹೊಡದೆ.

ಹಳೇ ಫಿಲ್ಮ್ ಕ್ಯಾಮೆರಾ ಪೆಂಟ್ಯಾಕ್ಸ್ ಕೆ1000ದಾಗ ಈ ಗಡಿ 1/60 ಇತ್ತು, ಬಟ್ಟಿ ಪರದೆ ಅಡ್ಡ ಓಡತಿತ್ತು, 36 ಮಿಲಿಮೀಟರ್ ದಾಟಬೇಕು, ಪಟ್ಟಿ ಬಿದ್ರ ಬಗಲಿಗೆ ಬೀಳತಿತ್ತು. 1982ರ ನಿಕಾನ್ ಎಫ್‌ಎಂ2ದಾಗ ಲೋಹದ ಎಸಳು ಮ್ಯಾಲಿಂದ ಕೆಳಗ ಓಡಿ 24 ಮಿಲಿಮೀಟರ್ ಅಷ್ಟ ದಾಟತಾವು, ಗಡಿ 1/200ಕ್ಕ ಬಂತು. ಗಡಿ ದಾಟಿದ್ಮ್ಯಾಲೂ ಫ್ಲ್ಯಾಶ್ ನಡಸೋ ಹೈ ಸ್ಪೀಡ್ ಸಿಂಕ್ ಕತಿ ಬ್ಯಾರೆ, ಅಲ್ಲಿ ಫ್ಲ್ಯಾಶ್ ಒಮ್ಮಿ ಬೆಳಗೋ ಬದ್ಲಿ ಸೀಳು ಓಡೋತನಕ ಬಡಬಡ ಮಿಣುಕತಾನ ಇರತೈತಿ, ಬೆಳಕಿನ ಕಸುವು ಮಾತ್ರ ಇಳಿತೈತಿ.

ಈ ಗೊಂದಲದಾಗ ಇದ್ದಾಗ ಗುಳೇದಗುಡ್ಡಕ್ಕ ಹೋಗಿದ್ದೆ, ನಮ್ಮ ಸೋದರಮಾವನ ಮನ್ಯಾಗ ಖಣ ನೇಯೋ ಮಗ್ಗ ಐತಿ. ಕಾಲಾಗ ಒತ್ತಿದ್ರ ಹಾಸಿನ ಎಳಿ ಮ್ಯಾಲ-ಕೆಳಗ ಸರದು ಬಾಯಿ ಬಿಡತಾವು, ಆ ಬಾಯಿ ಮುಚ್ಚೋದ್ರಾಗ ಲಾಳಿ ಈ ಕಡಿಯಿಂದ ಆ ಕಡಿ ದಾಟಬೇಕು, ತಡಾ ಆದ್ರ ಎಳಿಯಾಗ ಸಿಕ್ಕೊಂಡು ನಿಲ್ಲತೈತಿ. ಫ್ಲ್ಯಾಶ್ ಅಂದ್ರ ನಮ್ಮ ಲಾಳಿನ ಅಲ್ಲೇನು ಅನಿಸ್ತು.

ಅದಕ್ಕ ನಾ ‘ವೇಗ’ ಕಿತ್ತು ಹಾಕಿ ‘ಪೂರಾ ತೆರವಿನ ಗಡಿ’ ಅಂತ ಬರದೀನಿ, ಶಟರ್ ಸ್ಪೀಡಿಗೆ ‘ತೆರವಿನ ಹೊತ್ತು’. ಗೆಳೆಯ ‘ತಾಳಮೇಳ’ ಅಂತಾನ, ಭಜನಿ ಮಂದಿ ನೆನಪಾಗತಾರ ನಂಗ, ಆದ್ರ ಸಿಂಕಿಗೆ ಅದರ ಹತ್ರ ಹತ್ರ ಬರೋ ಮಾತು ಬ್ಯಾರೆ ಕಾಣವಲ್ದು. ವಿಜಯಪುರ, ಬೆಳಗಾವಿ ಸ್ಟುಡಿಯೋದಾಗ ಹಳಬರು ಏನಂತಿದ್ರು?

ಜೋಡಿಗೆ ಇನ್ನೊಂದು. ‘ರಿಯರ್ ಕರ್ಟನ್’ (ಬೆನ್ನ ಹಿಂದ ಬಂದು ಮುಚ್ಚೋ ಪರದೆ) ಅನ್ನೋದನ್ನ ‘ಹಿಂದಿನ ಪರದೆ’ ಅಂತ ಬರದ್ರ ಕನ್ನಡದಾಗ ‘ಹಿಂದಿನ’ ಅಂದ್ರ ಮೊದಲು ಹೋದದ್ದು ಅಂತಾನೂ ಆಗತೈತಿ, ಅರ್ಥ ಪೂರಾ ಉಲ್ಟಾ. ಸದ್ಯಕ್ಕ ‘ಎರಡನೇ ಪರದೆ’ ಅಂತ ಇಟ್ಟೀನಿ, ಇದಕ್ಕಿಂತ ಚಲೋದು ಇದ್ರ ಹೇಳ್ರಿ.