ಗೋವಾದ ಟ್ಯಾಂಗೋ ಉತ್ಸವಕ್ಕೆ ಒಬ್ಬಳೇ ಹೊರಟಿದ್ದೇನೆ: ಹಗಲಿನ ತರಗತಿಗಳೂ ಬೇಕೇ, ರಾತ್ರಿಯ ಮಿಲೊಂಗಾ ಸಾಕೇ?

ಕಾಳಿ ದಡದವಳು, ಕಾರವಾರ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿದ್ದಾಗ ಎರಡು ವರ್ಷ ಅರ್ಜೆಂಟೀನಾದ ಟ್ಯಾಂಗೋ ಕಲಿತಿದ್ದೆ. ಕಳೆದ ಜೂನ್‌ನಲ್ಲಿ ಕಾರವಾರಕ್ಕೆ ವರ್ಗವಾಗಿ ಬಂದ ಮೇಲೆ ಜೊತೆಗೆ ಕುಣಿಯುವವರು ಯಾರೂ ಸಿಕ್ಕಿಲ್ಲ; ರಾತ್ರಿ ಊಟವಾದ ಮೇಲೆ ಕಾಲುಚೀಲ ಹಾಕಿಕೊಂಡು ಹಾಲ್‌ನ ಟೈಲ್ಸ್ ಮೇಲೆ ಒಬ್ಬಳೇ ಹಿಮ್ಮುಖವಾಗಿ ನಡೆಯುವುದಷ್ಟೇ ಈಗಿನ ನನ್ನ ಅಭ್ಯಾಸ. ಬರುವ ತಿಂಗಳು ಮಡಗಾಂವದಿಂದ ಹೆಚ್ಚು ದೂರವಿಲ್ಲದ ಊರೊಂದರಲ್ಲಿ ಮೂರು ದಿನಗಳ ಟ್ಯಾಂಗೋ ಉತ್ಸವವಿದೆ. ಹಗಲಿನ ತರಗತಿಗಳೂ ಸೇರಿದ ಪೂರ್ತಿ ಪಾಸಿಗೆ ಜೋಡಿಯಾಗಿ ಹೆಸರು ಕೊಟ್ಟವರಿಗೆ ಆದ್ಯತೆಯಂತೆ. ರಾತ್ರಿಯ ಮಿಲೊಂಗಾಗಳಿಗೆ, ಅಂದರೆ ಎಲ್ಲರೂ ಸೇರಿ ಟ್ಯಾಂಗೋ ಕುಣಿಯುವ ಕೂಟಗಳಿಗೆ, ಮಾತ್ರ ಬೇಕಾದರೆ ಬೇರೆ ಪಾಸು. ನನಗೆ ರಂಗದ ಮೇಲೆ ಪ್ರದರ್ಶನ ಕೊಡುವ ಆಸೆಯಿಲ್ಲ, ನಾಲ್ಕು ಜನರೊಂದಿಗೆ ಕುಣಿದು ಬಂದರೆ ತೃಪ್ತಿ. ಪರಿಚಯದವರಿಲ್ಲದ ಕಡೆ ಇಡೀ ರಾತ್ರಿ ಕುರ್ಚಿಯಲ್ಲೇ ಕುಳಿತಿರಬೇಕಾದೀತೇ ಎಂಬ ಅಳುಕು ಮಾತ್ರ ಇದೆ. ಹೋಗಿ ಬಂದವರು ದಯವಿಟ್ಟು ತಿಳಿಸಬೇಕು. (ಅತ್ತೆಯವರಿಗೆ ‘ನೃತ್ಯ ಶಿಬಿರ’ ಎಂದಷ್ಟೇ ಹೇಳಿದ್ದೇನೆ.)

ಮದ್ದಳೆ ಪೆಟ್ಟು, ಶಿರಸಿ

ನಾನು ಗಂಡುವೇಷದವನು, ಅಂದರೆ ಮುನ್ನಡೆಸುವವನು. ಮೊದಲ ಸಲ ಇಂಥ ಉತ್ಸವಕ್ಕೆ ಹೋದಾಗ, ಕೊಟ್ಟ ದುಡ್ಡು ದಕ್ಕಬೇಕೆಂದು ದಿನಕ್ಕೆ ಮೂರು ತರಗತಿಗಳಂತೆ ಸೇರಿಕೊಂಡೆ. ಎರಡನೆಯ ರಾತ್ರಿ ಹನ್ನೊಂದಕ್ಕೇ ಪಾದಗಳು ಊದಿಕೊಂಡು ಕೋಣೆಗೆ ಮರಳಿದೆ. ಪುಗ್ಲಿಯೇಸೆಯ ವಾದ್ಯವೃಂದದ ಗಂಭೀರ ಹಾಡುಗಳನ್ನು ಹಾಕಿದ್ದು ನಡುರಾತ್ರಿ ದಾಟಿದ ಮೇಲೆ ಎಂದು ಮರುದಿನ ತಿಂಡಿಯ ಹೊತ್ತಿಗೆ ತಿಳಿಯಿತು. ಹಗಲಿನಲ್ಲಿ ಕಲಿತ ದೊಡ್ಡ ವರಸೆಗಳಾದರೂ ಉಪಯೋಗಕ್ಕೆ ಬಂದವೇ ಎಂದರೆ, ಅದೂ ಇಲ್ಲ. ಮಿಲೊಂಗಾದಲ್ಲಿ ಜೋಡಿಗಳೆಲ್ಲ ಒಂದರ ಹಿಂದೆ ಒಂದರಂತೆ ಅಪ್ರದಕ್ಷಿಣೆಯಾಗಿ ಸುತ್ತುತ್ತಿರುತ್ತವೆ (ದೇವಸ್ಥಾನದ ಅಭ್ಯಾಸವಿರುವ ನಮಗೆ ಮೊದಮೊದಲು ಇದೇ ತೊಡಕು), ಮುಂದೆ ಒಂದು ಮೊಳ ಜಾಗ ಸಿಕ್ಕರೆ ಹೆಚ್ಚು. ಅಲ್ಲಿ ನಡಿಗೆ, ನಿಲುವು, ತಾಳದ ಮೇಲಿನ ಗಮನ ಇಷ್ಟೇ ನಡೆಯುವುದು. ನೀವು ಟೈಲ್ಸ್ ಮೇಲೆ ಮಾಡುತ್ತಿರುವುದೂ ಅದನ್ನೇ. ಆದ್ದರಿಂದ ಮಿಲೊಂಗಾ ಪಾಸು ಸಾಕು.

ಕುಳಿತಿರುವುದರ ಬಗ್ಗೆ ಒಂದು ಮಾತು. ಟ್ಯಾಂಗೋ ಹಾಡುಗಳು ನಾಲ್ಕು ನಾಲ್ಕರ ಗುಂಪಾಗಿ, ಮೂರರ ನಡೆಯ ವಾಲ್ಸ್ ಮತ್ತು ಚುರುಕಾದ ಮಿಲೊಂಗಾ ಹಾಡುಗಳು (ಕೂಟಕ್ಕೂ ಈ ಹಾಡಿನ ಬಗೆಗೂ ಒಂದೇ ಹೆಸರು) ಸಾಮಾನ್ಯವಾಗಿ ಮೂರು ಮೂರಾಗಿ ಬರುತ್ತವೆ. ಈ ಗುಂಪಿಗೆ ತಾಂಡಾ ಎನ್ನುತ್ತಾರೆ. ನಮ್ಮ ಲಂಬಾಣಿ ತಾಂಡಾಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಚ್ಚಿನವು 1935ರಿಂದ 1955ರ ಆಸುಪಾಸಿನ ಧ್ವನಿಮುದ್ರಣಗಳಾದ್ದರಿಂದ ಒಂದೊಂದು ಹಾಡು ಮೂರು ನಿಮಿಷದ ಹತ್ತಿರ, ಒಂದು ತಾಂಡಾ ಹತ್ತು ಹನ್ನೆರಡು ನಿಮಿಷ. ಇಡೀ ರಾತ್ರಿಯಲ್ಲಿ ಐದಾರು ಒಳ್ಳೆಯ ತಾಂಡಾಗಳು ಸಿಕ್ಕರೂ ನಾನು ಸಂತೋಷದಿಂದ ಹಿಂದಿರುಗುತ್ತೇನೆ. ದಾರಿಯೆಂಸೊನ ವಾದ್ಯವೃಂದದ ಲಯ ಕೇಳಿ ಎದ್ದು, ಡಿ ಸಾರ್ಲಿಯ ವೃಂದದ ಹಾಡು ಬಂದಾಗ ಕುಳಿತು ಬರಿದೇ ಕೇಳುವುದೂ ನನಗೆ ಉತ್ಸವವೇ. ಬಯಲಾಟಕ್ಕೆ ಹೋದವರು ಬೆಳಗಿನ ಜಾವದ ಪ್ರಸಂಗಕ್ಕಾಗಿ ನಡುವೆ ಒಂದು ಜೊಂಪು ತೆಗೆಯುವುದಿಲ್ಲವೇ, ಹಾಗೆ. ರೂಢಿಯಂತೆ ಕೊನೆಗೆ ಹಾಕುವ ‘ಲಾ ಕುಂಪಾರ್ಸಿತಾ’ ಅಲ್ಲಿನ ಮಂಗಳಪದ. ಅಷ್ಟು ಹೊತ್ತಿನವರೆಗೆ ಕಾಲು ಉಳಿಸಿಕೊಳ್ಳಿ.

ಕುಮಟೆಯ ಅಕ್ಕ

ಶಿರಸಿಯವರ ಮಾತು ಅರ್ಧ ಒಪ್ಪುತ್ತೇನೆ. ಅವರು ಮುನ್ನಡೆಸುವವರು, ಇಂಥ ಕಡೆ ಅವರ ಸಂಖ್ಯೆ ಬಹುಮಟ್ಟಿಗೆ ಕಡಿಮೆ, ಹಾಗಾಗಿ ಕುರ್ಚಿಯ ಕಷ್ಟ ಅವರಿಗೆ ಅಷ್ಟಾಗಿ ತಿಳಿಯದು. ತಂಗೀ, ಮೊದಲ ದಿನದ ಒಂದು ತರಗತಿಗಾದರೂ ಸೇರಿಕೊ, ಜೋಡಿಯಿಲ್ಲದವರಿಗೆ ಅವಕಾಶವಿದೆಯೇ ಎಂದು ಈಗಲೇ ಬರೆದು ಕೇಳು. ಅಲ್ಲಿ ಜೋಡಿ ಬದಲಿಸುತ್ತ ಹೋದರೆ ಹತ್ತು ಜನರ ಕೈಹಿಡಿತ ಗೊತ್ತಾಗುತ್ತದೆ, ಅವರಿಗೂ ನಿನ್ನ ಗುರುತು ಸಿಗುತ್ತದೆ. ರಾತ್ರಿ ಕಣ್ಣು ಕಲೆಸುವವರು ಅವರೇ.

ಕಣ್ಣು ಕಲೆಸುವುದು ಎಂದೆನಲ್ಲ, ಅದನ್ನು ಸರಿಯಾಗಿ ತಿಳಿದುಕೊಂಡು ಹೋಗು. ಹತ್ತಿರ ಬಂದು ಬಾಯಿಬಿಟ್ಟು ಕೇಳುವ ಪದ್ಧತಿ ಅಲ್ಲಿಲ್ಲ. ದೂರದಿಂದ ನೋಟ, ಒಪ್ಪಿಗೆಯಿದ್ದರೆ ಸಣ್ಣಗೆ ತಲೆದೂಗುವುದು, ಬೇಡವಾದರೆ ನೋಟ ಬೇರೆಡೆಗೆ. ಇದಕ್ಕೆ ಕಾಬೆಸೆಯೊ ಎನ್ನುತ್ತಾರೆ. ನಾನೊಮ್ಮೆ ತಲೆದೂಗಿ, ಸೆರಗು ಸರಿಪಡಿಸಿಕೊಂಡು ಎದ್ದೇಬಿಟ್ಟೆ. ಆ ಮನುಷ್ಯ ನನ್ನನ್ನು ದಾಟಿ ಹಿಂದಿನ ಸಾಲಿನವಳ ಬಳಿಗೆ ಹೋದ. ನೀರು ಕುಡಿಯಲು ಎದ್ದವಳಂತೆ ಗೋಡೆಯ ತನಕ ನಡೆದು ಬಂದೆ. ಅಂದಿನಿಂದ ಅವರು ಎದುರಿಗೆ ಬಂದು ನಿಲ್ಲುವವರೆಗೆ ಕುರ್ಚಿ ಬಿಡುವುದಿಲ್ಲ. ಇನ್ನೊಂದು: ಮೊದಲ ಹಾಡು ಮುಗಿದೊಡನೆ ಸೌಜನ್ಯಕ್ಕೆಂದು ಧನ್ಯವಾದ ಹೇಳಬೇಡ. ಆ ಮಾತಿಗೆ ‘ಇಷ್ಟು ಸಾಕು’ ಎಂಬ ಅರ್ಥವಿದೆ, ಪಾಪ, ಎದುರಿನವರು ನೊಂದುಕೊಳ್ಳುತ್ತಾರೆ.

ಮಲ್ಲಿಗೆಯನ್ನೂ ಬಿಟ್ಟು ಹೋಗು. ಭಟ್ಕಳ ಮಲ್ಲಿಗೆಯ ದಂಡೆ ಮುಡಿದು ಹೋಗಿದ್ದೆ. ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರದ ಅಪ್ಪುಗೆಯಲ್ಲಿ ಹೂವು ಎದುರಿನವರ ಮೂಗಿಗೇ ಬರುತ್ತದೆ. ಒಂದು ತಾಂಡಾದಲ್ಲಿ ನಾಲ್ಕು ಸೀನು.

ಹೊನ್ನಾವರ ಪ್ಯಾಸೆಂಜರ್

ಪಾದರಕ್ಷೆಯ ವಿಷಯ ಯಾರೂ ಹೇಳಲಿಲ್ಲ. ರಬ್ಬರ್ ಅಟ್ಟೆ ನೆಲಕ್ಕೆ ಕಚ್ಚಿಕೊಂಡರೆ, ತಿರುಗುವಾಗ ಪಾದ ನಿಂತು ಮೊಣಕಾಲು ಮಾತ್ರ ತಿರುಗುತ್ತದೆ. ನನ್ನದು ಹಾಗೆಯೇ ಉಳುಕಿತ್ತು. ಚರ್ಮದ ಅಟ್ಟೆಯದು ಒಯ್ಯಿರಿ, ಸಭಾಂಗಣದೊಳಗೆ ಮಾತ್ರ ಹಾಕಿಕೊಳ್ಳಿ. ನಮ್ಮ ಕರಾವಳಿಯ ಸೆಕೆಗೆ ರಾತ್ರಿಗೆ ಎರಡು ಉಡುಪು ಮತ್ತು ಟವೆಲ್ ಬೇಕೇ ಬೇಕು. ಕಾರವಾರದಿಂದ ಮಡಗಾಂವಕ್ಕೆ ರೈಲು ಇದೆಯೆಂದು ದಿನವೂ ಓಡಾಡುವ ಯೋಚನೆ ಮಾಡಬೇಡಿ, ನಡುರಾತ್ರಿ ನಿಲ್ದಾಣಕ್ಕೆ ವಾಹನ ಹುಡುಕುವುದೇ ಒಂದು ಕುಣಿತವಾದೀತು.

ಕಾಳಿ ದಡದವಳು, ಕಾರವಾರ

ಮೂವರಿಗೂ ಕೃತಜ್ಞಳು. ಮಿಲೊಂಗಾ ಪಾಸು ಕೊಂಡು, ಅಕ್ಕ ಹೇಳಿದಂತೆ ಶುಕ್ರವಾರದ ಒಂದು ತರಗತಿಗೆ ಪ್ರತ್ಯೇಕವಾಗಿ ಬರೆದು ಕೇಳಿದ್ದೇನೆ. ಜೋಡಿಯಿಲ್ಲದವರ ಕಾಯುವ ಪಟ್ಟಿಯಲ್ಲಿ ಹೆಸರು ಹಾಕಿಕೊಂಡಿದ್ದಾರೆ. ಹಳೆಯ ಚಪ್ಪಲಿಗೆ ಚರ್ಮದ ಅಟ್ಟೆ ಹೊಲಿಯಲು ಬಸ್ ನಿಲ್ದಾಣದ ಬಳಿ ಕೊಟ್ಟಾಗ, ‘ಇದು ಜಾರುತ್ತದಲ್ಲ ಅಮ್ಮಾ’ ಎಂದು ಎರಡೆರಡು ಬಾರಿ ಕೇಳಿದರು. ಜಾರಲೆಂದೇ ಎಂದೆ.